ಸೈಗಾನ್‌ನಿಂದ ಕೆಪ್‌ಗೆ: ಬಸ್ಸಿನಲ್ಲಿ ಗಡಿ ದಾಟುವವರಿಗೊಂದು ಕೈಪಿಡಿ

ವಿಯೆಟ್ನಾಂ ನೋಡಲು ಹೋದ ನಮ್ಮವರಲ್ಲಿ ಹೆಚ್ಚಿನವರು ಹೋ ಚಿ ಮಿನ್ ನಗರದಿಂದ, ಅಂದರೆ ಅಲ್ಲಿನ ಜನ ಈಗಲೂ ಸೈಗಾನ್ ಎಂದೇ ಕರೆಯುವ ಊರಿನಿಂದ, ವಿಮಾನ ಹತ್ತಿ ಮನೆಗೆ ಮರಳುತ್ತಾರೆ. ಕೈಯಲ್ಲಿ ಇನ್ನೂ ನಾಲ್ಕೈದು ದಿನ ಉಳಿದಿದ್ದರೆ ನಾನು ಬೇರೆ ದಾರಿಯನ್ನು ಸೂಚಿಸುತ್ತೇನೆ. ಮೆಕಾಂಗ್ ನದಿಯ ಮುಖಜಭೂಮಿಯನ್ನು ಬಸ್ಸಿನಲ್ಲಿ ಅಡ್ಡ ಹಾಯ್ದು, ಹಾ ತಿಯೆನ್ ಎಂಬ ಗಡಿ ಪಟ್ಟಣದ ಮೂಲಕ ಕಾಂಬೋಡಿಯವನ್ನು ಪ್ರವೇಶಿಸಿ, ಕೆಪ್ ಎಂಬ ಸಣ್ಣ ಕಡಲೂರಿನಲ್ಲಿ ಪ್ರಯಾಣವನ್ನು ಮುಗಿಸಬಹುದು. 1908ರಲ್ಲಿ ಫ್ರೆಂಚರು ವಿಹಾರಧಾಮವಾಗಿ ಕಟ್ಟಿದ ಈ ಊರಿನಲ್ಲಿ ಕಾಂಬೋಡಿಯದ ಸ್ವಾತಂತ್ರ್ಯಾನಂತರ ರಾಜಧಾನಿ ನಾಮ್ ಪೆನ್ಹ್‌ನ ಸಿರಿವಂತರು ಬಂಗಲೆಗಳನ್ನು ಕಟ್ಟಿಸಿಕೊಂಡಿದ್ದರು. ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟರ ಆಳ್ವಿಕೆಯ ಕಾಲದಲ್ಲಿ ಮತ್ತು ಅದರ ಬೆನ್ನಿಗೆ ಬಂದ ವರ್ಷಗಳಲ್ಲಿ ಹಾಳುಬಿದ್ದ ಆ ಮನೆಗಳಲ್ಲಿ ಕೆಲವು ಇಂದಿಗೂ ಬಳ್ಳಿ ಹಬ್ಬಿಸಿಕೊಂಡು, ಕಿಟಕಿ ಬಾಗಿಲುಗಳಿಲ್ಲದೆ, ಸಮುದ್ರದತ್ತ ಮುಖಮಾಡಿ ನಿಂತಿವೆ. ದೊಡ್ಡ ಹೋಟೆಲುಗಳ ಗದ್ದಲವಿಲ್ಲದ, ಸಂಜೆಯಾದರೆ ದೋಣಿಗಳ ಸದ್ದಷ್ಟೇ ಕೇಳುವ ಊರು ಅದು.

ದೂರ ಹೆಚ್ಚಿಲ್ಲ. ಸೈಗಾನ್‌ನಿಂದ ಹಾ ತಿಯೆನ್‌ಗೆ ಸುಮಾರು 330 ಕಿಲೋಮೀಟರ್, ಅಲ್ಲಿಂದ ಗಡಿಗೆ ಏಳೆಂಟು ಕಿಲೋಮೀಟರ್, ಗಡಿಯಿಂದ ಕೆಪ್‌ಗೆ ಸುಮಾರು 30 ಕಿಲೋಮೀಟರ್. ನಕ್ಷೆಯನ್ನು ನೋಡಿದವರಿಗೆ ಒಂದೇ ದಿನದಲ್ಲಿ ಮುಗಿಯುವ ಪ್ರಯಾಣದಂತೆ ಕಾಣುತ್ತದೆ, ಮುಗಿಸಿಕೊಡುತ್ತೇವೆ ಎಂದು ಟಿಕೆಟ್ ಮಾರುವವರೂ ಇದ್ದಾರೆ. ಆದರೂ ಇದನ್ನು ಎರಡು ದಿನಕ್ಕೆ ಹಂಚಿಕೊಳ್ಳಿರಿ ಎಂಬುದು ನನ್ನ ಖಚಿತವಾದ ಸಲಹೆ. ಮೊದಲ ದಿನ ಹಗಲು ಬಸ್ಸಿನಲ್ಲಿ ಹಾ ತಿಯೆನ್ ತಲುಪಿ, ರಾತ್ರಿ ಅಲ್ಲಿ ನೆಮ್ಮದಿಯಾಗಿ ಮಲಗಿ, ಮರುದಿನ ಬೆಳಿಗ್ಗೆ ಗಡಿ ದಾಟಬೇಕು. ಎಂಟು ಗಂಟೆ ಬಸ್ಸಿನಲ್ಲಿ ಕುಳಿತು ದಣಿದವರು ಸಂಜೆಯ ಹೊತ್ತಿಗೆ ಗಡಿಠಾಣೆಯನ್ನು ತಲುಪಿದರೆ, ಅರ್ಜಿಯಲ್ಲಿ ಒಂದಕ್ಷರ ತಪ್ಪುವುದು, ಮೊಹರನ್ನು ಪರೀಕ್ಷಿಸದೆ ಹೊರಡುವುದು, ಕತ್ತಲಾಗುವ ಭಯದಲ್ಲಿ ಕೇಳಿದಷ್ಟು ಹಣ ಕೊಟ್ಟುಬಿಡುವುದು, ಇಂತಹವೆಲ್ಲ ಆಗಿಯೇ ಆಗುತ್ತವೆ. ಬೆಳಿಗ್ಗೆ ಎಂಟಕ್ಕೆ ಅದೇ ಠಾಣೆಯಲ್ಲಿ ನಿಂತವರಿಗೆ ಒಂದು ಗಂಟೆ ತಡವಾದರೂ ಕಳೆದುಕೊಳ್ಳುವಂಥದ್ದು ಏನೂ ಇರುವುದಿಲ್ಲ.

ಕಾಗದಪತ್ರಗಳ ಸಿದ್ಧತೆ

ಈ ಪ್ರಯಾಣದ ಯಶಸ್ಸು ಬಸ್ಸಿಗಿಂತ ಹೆಚ್ಚಾಗಿ ಊರು ಬಿಡುವ ಮೊದಲೇ ಮಾಡುವ ಕಾಗದದ ಕೆಲಸವನ್ನು ಅವಲಂಬಿಸಿದೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ಕಾಂಬೋಡಿಯದ ವೀಸಾ ಚೀಟಿಯು ಒಂದು ಇಡೀ ಪುಟವನ್ನು ಆಕ್ರಮಿಸುತ್ತದೆಯಾದ್ದರಿಂದ ಎರಡು ಪುಟಗಳಾದರೂ ಖಾಲಿ ಇದ್ದರೆ ಒಳ್ಳೆಯದು.

ವಿಯೆಟ್ನಾಂ ಪ್ರವೇಶಕ್ಕೆ ಭಾರತೀಯರಿಗೆ ವೀಸಾ ಬೇಕು. 2023ರ ಆಗಸ್ಟ್ 15ರಿಂದ ಅಲ್ಲಿನ ಸರ್ಕಾರವು 90 ದಿನಗಳವರೆಗಿನ ಇ-ವೀಸಾವನ್ನು ಕೊಡುತ್ತಿದ್ದು, ಒಮ್ಮೆ ಪ್ರವೇಶಿಸುವುದಕ್ಕೆ 25 ಡಾಲರ್ ಮತ್ತು ಹಲವು ಬಾರಿ ಪ್ರವೇಶಿಸುವುದಕ್ಕೆ 50 ಡಾಲರ್ ಶುಲ್ಕವಿದೆ. ಒಂದೇ ಪ್ರವೇಶದ ವೀಸಾ ಹೊಂದಿದವರು ಹಾ ತಿಯೆನ್‌ನಲ್ಲಿ ನಿರ್ಗಮನದ ಮೊಹರು ಹಾಕಿಸಿಕೊಂಡ ಕ್ಷಣಕ್ಕೇ ಆ ವೀಸಾ ಮುಗಿಯುತ್ತದೆ. ಅದರಲ್ಲಿ ಇನ್ನೂ ಅರವತ್ತು ದಿನ ಬಾಕಿಯಿದ್ದರೂ ಮರಳಿ ಒಳಗೆ ಬರಲಾಗದು. ಆದ್ದರಿಂದ ಮನೆಗೆ ಮರಳುವ ವಿಮಾನವನ್ನು ಸೈಗಾನ್‌ನಿಂದ ಕಾದಿರಿಸಿದವರು ಹಲವು ಪ್ರವೇಶದ ವೀಸಾವನ್ನೇ ಪಡೆಯಬೇಕು, ಇಲ್ಲವೇ ಹಿಂದಿರುಗುವ ವಿಮಾನವನ್ನು ನಾಮ್ ಪೆನ್ಹ್‌ನಿಂದ ಗೊತ್ತುಮಾಡಿಕೊಳ್ಳಬೇಕು. ಎರಡನೆಯದೇ ಸುಲಭವಾದ ದಾರಿ, ಬಂದ ದಾರಿಯನ್ನೇ ಮತ್ತೆ ತುಳಿಯುವ ಅಗತ್ಯವೂ ಇರುವುದಿಲ್ಲ. ಅರ್ಜಿ ತುಂಬುವಾಗ ನಿರ್ಗಮನದ ಸ್ಥಳವನ್ನು ಕೇಳುವ ಜಾಗದಲ್ಲಿ ಹಾ ತಿಯೆನ್ ಭೂಗಡಿಯನ್ನು ಆರಿಸಿಕೊಳ್ಳಿರಿ. ಅಂತರ್ಜಾಲದಲ್ಲಿ ಹುಡುಕಿದಾಗ ಮೊದಲ ಸಾಲುಗಳಲ್ಲಿ ಕಾಣುವ ಹಲವು ತಾಣಗಳು ಸರ್ಕಾರದವಲ್ಲ. ಅವು ಅದೇ ಕೆಲಸಕ್ಕೆ ಎರಡು ಮೂರು ಪಟ್ಟು ಹಣ ಪಡೆಯುತ್ತವೆಯಾದ್ದರಿಂದ ಅಧಿಕೃತ ತಾಣವನ್ನು ಗುರುತಿಸಿಕೊಂಡ ಮೇಲೆಯೇ ಕಾರ್ಡಿನ ಸಂಖ್ಯೆಯನ್ನು ನೀಡಬೇಕು.

ಹೆಸರಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನಮ್ಮ ಕಡೆಯವರು ಎಡವುವುದು ಇಲ್ಲಿಯೇ. ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಇನಿಷಿಯಲ್ ಆಗಿ ಬಳಸುವ ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಎಂಬ ಸಾಲು ಖಾಲಿಯಾಗಿರುತ್ತದೆ, ಅಥವಾ ಬ್ಯಾಂಕಿನಲ್ಲಿ ಒಂದು ಅಕ್ಷರವಾಗಿದ್ದದ್ದು ಅಲ್ಲಿ ಪೂರ್ಣ ಪದವಾಗಿ ಬಿಡಿಸಿಕೊಂಡಿರುತ್ತದೆ. ಅರ್ಜಿಯಲ್ಲಿ ನಿಮಗೆ ರೂಢಿಯಾದ ಹೆಸರನ್ನು ಬರೆಯಬೇಡಿರಿ. ಪಾಸ್‌ಪೋರ್ಟಿನ ಫೋಟೊ ಇರುವ ಪುಟದ ತಳಭಾಗದಲ್ಲಿ ಬಾಣದ ತುದಿಯಂತಹ ಚಿಹ್ನೆಗಳ ನಡುವೆ ಅಚ್ಚಾಗಿರುವ ಎರಡು ಸಾಲುಗಳಿರುತ್ತವೆ, ಗಡಿಯಲ್ಲಿನ ಯಂತ್ರ ಓದುವುದು ಆ ಸಾಲುಗಳನ್ನೇ. ಅವುಗಳಲ್ಲಿ ಮೊದಲನೆಯದರಲ್ಲಿ ಹೆಸರಿನ ಭಾಗಗಳು ಯಾವ ಕ್ರಮದಲ್ಲಿವೆಯೋ ಅದೇ ಕ್ರಮವನ್ನು ಅನುಸರಿಸಿರಿ. ವೀಸಾ ಕೈಸೇರಿದ ಮೇಲೆ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ದಿನಾಂಕ ಈ ಮೂರನ್ನೂ ಬೆರಳಿಟ್ಟು ಓದಿ ತಾಳೆ ನೋಡಿರಿ. ಮನೆಯಲ್ಲಿ ಕಂಡ ತಪ್ಪಿಗೆ ಹೊಸ ಅರ್ಜಿಯಷ್ಟೇ ಪರಿಹಾರ, ಗಡಿಯಲ್ಲಿ ಕಂಡ ತಪ್ಪಿಗೆ ಪರಿಹಾರ ಸುಲಭವಾಗಿ ಸಿಗುವುದಿಲ್ಲ.

ಕಾಂಬೋಡಿಯದ ವೀಸಾವನ್ನು ಈ ಗಡಿಯಲ್ಲಿಯೇ ಪಡೆಯಬಹುದು. 30 ದಿನಗಳ ಪ್ರವಾಸಿ ವೀಸಾಕ್ಕೆ 30 ಡಾಲರ್ ಮತ್ತು ಪಾಸ್‌ಪೋರ್ಟ್ ಅಳತೆಯ ಒಂದು ಫೋಟೊ ಸಾಕು. ಆ ದೇಶಕ್ಕೂ ಇ-ವೀಸಾ ವ್ಯವಸ್ಥೆ ಇದೆ, ಆದರೆ ಅದು ತನ್ನಲ್ಲಿ ನಮೂದಿಸಿದ ವಿಮಾನ ನಿಲ್ದಾಣ ಹಾಗೂ ಗಡಿಠಾಣೆಗಳಲ್ಲಿ ಮಾತ್ರ ನಡೆಯುತ್ತದೆ. ನೀವು ದಾಟಲಿರುವ ಠಾಣೆಯ ಹೆಸರು ಪ್ರೆಕ್ ಚಾಕ್. ಅರ್ಜಿ ಹಾಕುವ ದಿನ ಪಟ್ಟಿಯಲ್ಲಿ ಆ ಹೆಸರು ಕಾಣದಿದ್ದರೆ ಇ-ವೀಸಾಕ್ಕೆ ಹಣ ತೆರದೆ ಗಡಿಯ ವೀಸಾವನ್ನೇ ನೆಚ್ಚಿಕೊಳ್ಳಿರಿ.

ಇನ್ನೊಂದು ಎಚ್ಚರಿಕೆ. ಕೆಲಸದ ಆಮಿಷಕ್ಕೆ ಒಳಗಾಗಿ ಕಾಂಬೋಡಿಯಕ್ಕೆ ಹೋದ ಭಾರತೀಯರನ್ನು ಸೈಬರ್ ವಂಚನೆಯ ಕೂಪಗಳಲ್ಲಿ ಕೂಡಿಹಾಕಿದ ಪ್ರಕರಣಗಳಿಂದಾಗಿ ನಮ್ಮ ವಿದೇಶಾಂಗ ಸಚಿವಾಲಯವು 2024ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ಭೂಮಾರ್ಗದಲ್ಲಿ ಬರುವ ಭಾರತೀಯರನ್ನು ಎಲ್ಲಿಗೆ, ಏಕೆ, ಎಷ್ಟು ದಿನ ಎಂದು ಕೇಳಿದರೆ ಅದನ್ನು ಅವಮಾನವೆಂದು ಭಾವಿಸಬೇಕಾಗಿಲ್ಲ. ಕೆಪ್‌ನ ವಸತಿಯ ರಸೀದಿ ಮತ್ತು ಮರಳುವ ವಿಮಾನದ ಟಿಕೆಟ್ ಎರಡನ್ನೂ ಮುದ್ರಿಸಿ ಪಾಸ್‌ಪೋರ್ಟಿನ ಜೊತೆಗೇ ಇಟ್ಟುಕೊಂಡರೆ ಮಾತು ಬೇಗ ಮುಗಿಯುತ್ತದೆ. ಗಡಿ ದಾಟಿದೊಡನೆ ವಿಯೆಟ್ನಾಂನ ಸಿಮ್ ಕಾರ್ಡ್ ಮೌನವಾಗುತ್ತದೆಯಾದ್ದರಿಂದ ಫೋನಿನಲ್ಲಿ ತೋರಿಸುತ್ತೇನೆ ಎಂಬ ಧೈರ್ಯ ಬೇಡ, ಎಲ್ಲದರ ಕಾಗದದ ಪ್ರತಿ ಇರಲಿ.

ಸೈಗಾನ್‌ನಿಂದ ಹಾ ತಿಯೆನ್‌ವರೆಗೆ

ಮುಖಜಭೂಮಿಯ ಕಡೆಗೆ ಹೋಗುವ ಬಸ್ಸುಗಳು ಮಿಯೆನ್ ತೈ ಎಂಬ ನಿಲ್ದಾಣದಿಂದ ಹೊರಡುತ್ತವೆ. ಇದು ಪ್ರವಾಸಿಗರು ತಂಗುವ ನಗರಮಧ್ಯದಲ್ಲಿಲ್ಲ, ಪಶ್ಚಿಮಕ್ಕಿದೆ. ಬೆಳಗಿನ ವಾಹನ ದಟ್ಟಣೆಯಲ್ಲಿ ಅಲ್ಲಿಗೆ ತಲುಪಲು ಒಂದು ಗಂಟೆಯನ್ನಾದರೂ ಇಟ್ಟುಕೊಳ್ಳಬೇಕು. ಫುಟಾ ಎಂಬ ಹೆಸರಿನ ಕಿತ್ತಳೆ ಬಣ್ಣದ ಬಸ್ಸುಗಳು ಈ ಮಾರ್ಗದಲ್ಲಿ ಓಡುತ್ತವೆ, ಬೇರೆ ಸಂಸ್ಥೆಗಳವೂ ಇವೆ. ಫೆಬ್ರವರಿಯ ಆಸುಪಾಸಿನಲ್ಲಿ ಬರುವ ತೆಟ್ ಹಬ್ಬ, ಏಪ್ರಿಲ್ 30 ಮತ್ತು ಮೇ 1ರ ರಜೆ, ಸೆಪ್ಟೆಂಬರ್ 2ರ ರಾಷ್ಟ್ರೀಯ ದಿನ, ಈ ದಿನಗಳಲ್ಲಿ ಸೈಗಾನ್‌ನಲ್ಲಿ ದುಡಿಯುವವರೆಲ್ಲ ಊರಿಗೆ ಹೊರಡುವುದರಿಂದ ಸೀಟು ಸಿಗುವುದು ಬಹಳ ಕಷ್ಟ. ಉಳಿದ ದಿನಗಳಲ್ಲಿ ಒಂದೆರಡು ದಿನ ಮೊದಲು ಕಾದಿರಿಸಿದರೆ ಸಾಕಾಗುತ್ತದೆ.

ವಿಯೆಟ್ನಾಂನ ಸ್ಲೀಪರ್ ಬಸ್ಸು ನಮ್ಮ ಸ್ಲೀಪರ್ ಬಸ್ಸಿನಂತಲ್ಲ. ಹಗಲಿನಲ್ಲಿ ಓಡುವ ಬಸ್ಸುಗಳಲ್ಲೂ ಒರಗುವ ಮಂಚಗಳೇ ಇದ್ದು, ಅವು ಮೂರು ಸಾಲುಗಳಲ್ಲಿ, ಕೆಳಗೊಂದು ಮೇಲೊಂದರಂತೆ, ನಡುವೆ ಎರಡು ಕಿರಿದಾದ ಓಣಿಗಳನ್ನು ಬಿಟ್ಟು ಜೋಡಿಸಲ್ಪಟ್ಟಿರುತ್ತವೆ. ಬಾಗಿಲಲ್ಲಿ ನಿಂತ ಸಹಾಯಕನು ನಿಮ್ಮ ಕೈಗೆ ಒಂದು ಪ್ಲಾಸ್ಟಿಕ್ ಚೀಲ ಕೊಡುತ್ತಾನೆ. ಶೂ, ಚಪ್ಪಲಿಗಳನ್ನು ಅಲ್ಲಿಯೇ ಕಳಚಿ ಆ ಚೀಲಕ್ಕೆ ಹಾಕಿಕೊಂಡು ಬರಿಗಾಲಿನಲ್ಲಿ ಒಳಗೆ ಹೋಗಬೇಕು. ಕಾಲುಗಳನ್ನು ಮುಂದಿನ ಮಂಚದ ತಲೆಭಾಗದ ಕೆಳಗಿರುವ ಪೆಟ್ಟಿಗೆಯಂತಹ ಗೂಡಿಗೆ ತೂರಿಸಿ ಒರಗಬೇಕಾಗುತ್ತದೆ, ಆರಡಿ ಎತ್ತರದವರಿಗೆ ಆ ಗೂಡು ಚಿಕ್ಕದು. ಮಧ್ಯದ ಸಾಲಿಗಿಂತ ಕಿಟಕಿಯ ಸಾಲು ಒಳ್ಳೆಯದು. ಬಸ್ಸಿನ ಓಲಾಟಕ್ಕೆ ಹೊಟ್ಟೆ ತೊಳಸುವವರು ಕೆಳಗಿನ ಮಂಚವನ್ನು, ಅದರಲ್ಲೂ ಮುಂಭಾಗದ್ದನ್ನು ಕೇಳಿ ಪಡೆಯಬೇಕು. ಪಾಸ್‌ಪೋರ್ಟ್ ಮತ್ತು ಹಣವಿರುವ ಸಣ್ಣ ಚೀಲವನ್ನು ಎಂದಿಗೂ ಡಿಕ್ಕಿಗೆ ಹಾಕಬೇಡಿರಿ, ಅದು ಮೈಮೇಲೆಯೇ ಇರಲಿ.

ಈ ಬಸ್ಸುಗಳಲ್ಲಿ ಸಾಮಾನ್ಯವಾಗಿ ಶೌಚಾಲಯ ಇರುವುದಿಲ್ಲ. ನಡುವೆ ದೊಡ್ಡ ತಂಗುದಾಣವೊಂದರಲ್ಲಿ ಬಸ್ಸು ಅರ್ಧ ಗಂಟೆಯಷ್ಟು ನಿಲ್ಲುತ್ತದೆ. ಇಳಿಯುವಾಗ ಬಾಗಿಲ ಬಳಿ ಬುಟ್ಟಿಯಲ್ಲಿರುವ ಚಪ್ಪಲಿಗಳನ್ನು ಮೆಟ್ಟಿಕೊಳ್ಳಬಹುದು. ಅದಕ್ಕೂ ಮುಖ್ಯವಾಗಿ ಬಸ್ಸಿನ ನಂಬರ್ ಪ್ಲೇಟನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿರಿ. ಊಟ ಮುಗಿಸಿ ಹೊರಬಂದಾಗ ಅದೇ ಬಣ್ಣದ, ಅದೇ ಅಕ್ಷರಗಳ ಎಂಟು ಹತ್ತು ಬಸ್ಸುಗಳು ಸಾಲಾಗಿ ನಿಂತಿರುವುದನ್ನು ಕಂಡು ನಾನು ಗಾಬರಿಯಿಂದ ಓಡಾಡಿದ್ದೇನೆ. ಆ ಒಂದು ಫೋಟೊ ಇದ್ದಿದ್ದರೆ ಆ ಐದು ನಿಮಿಷದ ಎದೆಬಡಿತ ತಪ್ಪುತ್ತಿತ್ತು. ಎರಡೂ ದೇಶಗಳಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ ಎಂಬುದನ್ನೂ ನೆನಪಿಡಬೇಕು. ರಸ್ತೆ ದಾಟುವಾಗ ನಮ್ಮ ಕಣ್ಣು ರೂಢಿಯಂತೆ ಮೊದಲು ಬಲಕ್ಕೆ ಹೊರಳುತ್ತದೆ, ಆದರೆ ಅಲ್ಲಿ ಹತ್ತಿರದ ವಾಹನ ಎಡಗಡೆಯಿಂದ ಬರುತ್ತದೆ. ಸಸ್ಯಾಹಾರಿಗಳು ಫಲಕಗಳಲ್ಲಿ ಚಾಯ್ ಎಂಬ ಪದವನ್ನು ಹುಡುಕಬೇಕು, ಸಸ್ಯಾಹಾರಕ್ಕೆ ಅಲ್ಲಿನ ಮಾತು ಅದು. ತರಕಾರಿ ಪಲ್ಯದಂತೆ ಕಾಣುವ ಖಾದ್ಯದಲ್ಲೂ ಮೀನಿನ ರಸ ಬೆರೆತಿರುವುದು ಅಲ್ಲಿ ಸಹಜವಾದ್ದರಿಂದ ಒಂದು ಹೊತ್ತಿನ ಒಣ ತಿಂಡಿಯನ್ನು ಜೊತೆಗಿಟ್ಟುಕೊಳ್ಳುವುದು ಕ್ಷೇಮ.

ಹಗಲು ಪ್ರಯಾಣ ಮಾಡಿದವರಿಗೆ ದಾರಿಯೇ ದೊಡ್ಡ ಲಾಭ. ಮೆಕಾಂಗ್ ಇಲ್ಲಿ ತಿಯೆನ್ ಮತ್ತು ಹೌ ಎಂಬ ಎರಡು ದೊಡ್ಡ ಕವಲುಗಳಾಗಿ ಹರಿಯುತ್ತದೆ. 2000ನೇ ಇಸವಿಯವರೆಗೂ ತಿಯೆನ್ ಕವಲನ್ನು ದಾಟಲು ವಾಹನಗಳು ದೋಣಿಗಾಗಿ ಸಾಲುಗಟ್ಟಿ ಕಾಯುತ್ತಿದ್ದವು. ಈಗ ಮಿ ತ್ವಾನ್ ಸೇತುವೆಯ ಮೇಲೆ, ತಂತಿಗಳ ನಡುವೆ, ಕೆಲವೇ ನಿಮಿಷಗಳಲ್ಲಿ ಬಸ್ಸು ದಾಟಿಬಿಡುತ್ತದೆ. ಕೆಳಗೆ ಮರಳು ತುಂಬಿದ ದೋಣಿಗಳು ಅಂಚಿನವರೆಗೂ ಮುಳುಗಿ ತೇಲುತ್ತಿರುತ್ತವೆ. ಅಲ್ಲಿಂದ ಮುಂದೆ ಭತ್ತದ ಗದ್ದೆ, ಕಾಲುವೆ, ಕಾಲುವೆಯ ಮೇಲೆ ಕಂಬ ಊರಿ ಕಟ್ಟಿದ ಮನೆ, ಇವೇ ಗಂಟೆಗಟ್ಟಲೆ ಸಾಗುತ್ತವೆ.

ಹಾ ತಿಯೆನ್ ಹಿಂದೆ ಕಿಯೆನ್ ಜಿಯಾಂಗ್ ಪ್ರಾಂತ್ಯಕ್ಕೆ ಸೇರಿತ್ತು. 2025ರ ಜುಲೈ 1ರಂದು ಆ ಪ್ರಾಂತ್ಯ ಆನ್ ಜಿಯಾಂಗ್‌ನೊಂದಿಗೆ ವಿಲೀನವಾದ್ದರಿಂದ ಹಳೆಯ ನಕ್ಷೆಗಳಲ್ಲಿ ಒಂದು, ಹೊಸ ಅರ್ಜಿಗಳಲ್ಲಿ ಇನ್ನೊಂದು ಹೆಸರು ಕಂಡರೆ ಗೊಂದಲಪಡಬೇಕಾಗಿಲ್ಲ. ಫು ಕ್ವೋಕ್ ದ್ವೀಪಕ್ಕೆ ಹೋಗುವ ಹಡಗುಗಳೂ ಇಲ್ಲಿಂದಲೇ ಹೊರಡುವುದರಿಂದ ವಸತಿಗೃಹಗಳಿಗೆ ಕೊರತೆಯಿಲ್ಲ. ಇಲ್ಲಿ ತಪ್ಪದೆ ಮಾಡಬೇಕಾದ ಕೆಲಸವೆಂದರೆ ಉಳಿದ ಡಾಂಗ್ ನೋಟುಗಳನ್ನು ಡಾಲರಿಗೆ ಬದಲಿಸಿಕೊಳ್ಳುವುದು, ಏಕೆಂದರೆ ಗಡಿಯಿಂದ ದೂರ ಹೋದಂತೆ ಅವುಗಳನ್ನು ಕೊಳ್ಳುವವರು ಕಡಿಮೆಯಾಗುತ್ತಾರೆ. ಎಣಿಸುವಾಗ ಬೆಳಕಿನಲ್ಲಿ ಎಣಿಸಿರಿ, 20,000 ಮತ್ತು 500,000 ಡಾಂಗ್ ನೋಟುಗಳೆರಡೂ ನೀಲಿಯಾಗಿದ್ದು ಮಬ್ಬಿನಲ್ಲಿ ಒಂದನ್ನೊಂದು ಹೋಲುತ್ತವೆ.

ಗಡಿ ದಾಟುವ ಬೆಳಿಗ್ಗೆ

ಹಾ ತಿಯೆನ್‌ನಿಂದ ಕೆಪ್‌ಗೆ ಹೋಗುವ ವ್ಯಾನುಗಳಲ್ಲಿ ಸೀಟನ್ನು ಹಿಂದಿನ ಸಂಜೆಯೇ ವಸತಿಗೃಹದ ಮೂಲಕ ಗೊತ್ತುಮಾಡಬಹುದು. ಇಲ್ಲವಾದರೆ ಬೈಕ್ ಟ್ಯಾಕ್ಸಿಯಲ್ಲಿ ಗಡಿಯವರೆಗೆ ಹೋಗಿ, ನಡೆದು ದಾಟಿ, ಆ ಬದಿಯಲ್ಲಿ ಟುಕ್‌ಟುಕ್ ಹಿಡಿಯಬಹುದು. ಸಾಮಾನು ಹೆಚ್ಚಿದ್ದವರಿಗೆ, ವಯಸ್ಸಾದವರ ಜೊತೆಗೆ ಬಂದವರಿಗೆ ವ್ಯಾನು ಸರಿ. ವ್ಯಾನಿನವರು ಎಲ್ಲರ ಪಾಸ್‌ಪೋರ್ಟುಗಳನ್ನು ಒಟ್ಟುಗೂಡಿಸಿ, ವೀಸಾವನ್ನು ತಾವೇ ಮಾಡಿಸಿಕೊಡುವುದಾಗಿ ಹೇಳಿ, ಶುಲ್ಕದ ಮೇಲೆ ಕೆಲವು ಡಾಲರ್ ಕೇಳುವುದುಂಟು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ನಾನಂತೂ ಪಾಸ್‌ಪೋರ್ಟನ್ನು ಅಧಿಕಾರಿಯ ಕೈಗಲ್ಲದೆ ಬೇರೆಯವರ ಕೈಗೆ ಕೊಡುವುದಿಲ್ಲ. ನಗುಮುಖದಿಂದ, ನಾನೇ ಮಾಡಿಸಿಕೊಳ್ಳುತ್ತೇನೆ ಎಂದರೆ ಸಾಮಾನ್ಯವಾಗಿ ಯಾರೂ ಒತ್ತಾಯಿಸುವುದಿಲ್ಲ.

ವಿಯೆಟ್ನಾಂ ಬದಿಯ ಠಾಣೆಯ ಹೆಸರು ಸಾ ಸಿಯಾ. ಅಲ್ಲಿ ನಿರ್ಗಮನದ ಮೊಹರು ಬಿದ್ದ ಮೇಲೆ ಎರಡು ಠಾಣೆಗಳ ನಡುವಿನ ತೆರೆದ ಜಾಗದಲ್ಲಿ ಬಿಸಿಲಿನಲ್ಲಿ ಸ್ವಲ್ಪ ದೂರ ನಡೆಯಬೇಕು. ಮೊಹರು ಬಿದ್ದ ಪುಟವನ್ನು ಕಿಟಕಿಯ ಮುಂದೆಯೇ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿರಿ. ನಿರ್ಗಮನದ ಮೊಹರಿಲ್ಲದೆ ಮುಂದಿನ ಠಾಣೆಗೆ ಹೋದವರು ಅದೇ ಬಿಸಿಲಿನಲ್ಲಿ ಹಿಂದಕ್ಕೆ ನಡೆಯಬೇಕಾಗುತ್ತದೆ.

ಪ್ರೆಕ್ ಚಾಕ್‌ನಲ್ಲಿ ಮೊದಲು ವೀಸಾ ಅರ್ಜಿ, ಬಳಿಕ ಪ್ರವೇಶದ ಮೊಹರು. ನಿಮ್ಮ ಪೆನ್ನನ್ನು ನೀವೇ ಒಯ್ಯಿರಿ. ಶುಲ್ಕಕ್ಕೆ ಸರಿಯಾಗಿ 30 ಡಾಲರ್‌ಗಳನ್ನು ಚಿಲ್ಲರೆಯಾಗಿ, ಬೇರೆಯಾಗಿ ಮಡಿಸಿಟ್ಟುಕೊಂಡಿರಿ. ಐವತ್ತರ ನೋಟು ಕೊಟ್ಟು ಬಾಕಿಗಾಗಿ ಕಾಯುವ ಪ್ರಸಂಗವನ್ನು ತಂದುಕೊಳ್ಳಬೇಡಿರಿ. ಪ್ರವೇಶದ ಮೊಹರಿನಲ್ಲಿ ದಿನಾಂಕವನ್ನೂ ಇರಬಹುದಾದ ಅವಧಿಯನ್ನೂ ಓದಿಕೊಳ್ಳಿರಿ. ಅವಧಿ ಮೀರಿದರೆ ದಿನಕ್ಕೆ 10 ಡಾಲರ್ ದಂಡವಿದೆ.

ಡಾಲರ್ ನೋಟುಗಳ ಸ್ಥಿತಿಯ ಬಗ್ಗೆ ಎಷ್ಟು ಹೇಳಿದರೂ ಹೆಚ್ಚಲ್ಲ. ಕಾಂಬೋಡಿಯದಲ್ಲಿ ಡಾಲರ್ ಮತ್ತು ರಿಯಲ್ ಎರಡೂ ಚಲಾವಣೆಯಲ್ಲಿದ್ದು, ಒಂದು ಡಾಲರಿಗೆ ಸುಮಾರು 4,000 ರಿಯಲ್ ಲೆಕ್ಕದಲ್ಲಿ ವ್ಯವಹಾರ ನಡೆಯುತ್ತದೆ. ಡಾಲರಿಗಿಂತ ಕಡಿಮೆಯ ಬಾಕಿಯನ್ನು ರಿಯಲ್‌ನಲ್ಲಿ ಕೊಡುತ್ತಾರೆ. ಆದರೆ ಹರಿದ, ಗೀಚಿದ, ಮಸಿ ತಾಕಿದ ಡಾಲರ್ ನೋಟನ್ನು ಯಾರೂ ಮುಟ್ಟುವುದಿಲ್ಲ. ನನ್ನ ಬಳಿಯಿದ್ದ 20 ಡಾಲರಿನ ಒಂದು ನೋಟಿನ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಹರಿದಿತ್ತು. ವಸತಿಗೃಹದಾಕೆ ಅದನ್ನು ಬೆಳಕಿಗೆ ಹಿಡಿದು, ಹರಿದ ಜಾಗವನ್ನು ಬೆರಳಿನಿಂದ ತೋರಿಸಿ, ಎರಡೂ ಕೈಗಳಿಂದ ಗೌರವವಾಗಿಯೇ ಹಿಂದಿರುಗಿಸಿದಳು. ಟುಕ್‌ಟುಕ್‌ನವನೂ, ಅಂಗಡಿಯವನೂ ಅದನ್ನೇ ಮಾಡಿದರು. ಆ ನೋಟು ನನ್ನೊಂದಿಗೆ ಊರಿಗೇ ಬಂದಿತು. ಊರಿನಲ್ಲಿ ಡಾಲರ್ ಕೊಳ್ಳುವಾಗಲೇ ಒಂದೊಂದು ನೋಟನ್ನೂ ತಿರುಗಿಸಿ ನೋಡಿ, ಕೆಟ್ಟದ್ದನ್ನು ಅಲ್ಲಿಯೇ ಬದಲಿಸಿ ಪಡೆಯಿರಿ. ಒಂದು, ಐದು, ಹತ್ತರ ನೋಟುಗಳು ಹೆಚ್ಚಿರಲಿ.

ಕೆಪ್ ತಲುಪಿದ ಮೇಲೆ

ಗಡಿಯಿಂದ ಕೆಪ್‌ವರೆಗಿನ ದಾರಿಗೆ ಸಾಮಾನ್ಯವಾಗಿ ಒಂದು ಗಂಟೆ ಸಾಕು. ಟುಕ್‌ಟುಕ್‌ನವರೊಂದಿಗೆ ದರವನ್ನೂ ಇಳಿಯುವ ಸ್ಥಳವನ್ನೂ ಹತ್ತುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಕೆಪ್‌ಗೆ ಪೇಟೆಬೀದಿ ಎನ್ನುವಂತಹ ನಡುಭಾಗವಿಲ್ಲ. ಅದು ಕರಾವಳಿಯ ಉದ್ದಕ್ಕೂ ಹಲವು ಕಿಲೋಮೀಟರ್ ಚೆದುರಿಕೊಂಡಿದೆ. ಕೆಪ್‌ನಲ್ಲಿ ಇಳಿಸಿ ಎಂದಷ್ಟೇ ಹೇಳಿದವರು ತಮ್ಮ ವಸತಿಯಿಂದ ಅರ್ಧ ಗಂಟೆಯ ನಡಿಗೆಯ ದೂರದಲ್ಲಿ ಇಳಿಯಬಹುದು. ಏಡಿ ಮಾರುಕಟ್ಟೆಯ ಬಳಿಯೋ, ಮರಳ ತೀರದ ಬಳಿಯೋ, ಗುಡ್ಡದ ಮೇಲೋ ಎಂಬುದನ್ನು ವಸತಿಯವರಿಂದ ಮೊದಲೇ ತಿಳಿದುಕೊಂಡಿರಿ.

ವಾರಾಂತ್ಯದಲ್ಲಿ ಮತ್ತು ಏಪ್ರಿಲ್ ಮಧ್ಯದ ಖ್ಮೇರ್ ಹೊಸ ವರ್ಷದ ದಿನಗಳಲ್ಲಿ ನಾಮ್ ಪೆನ್ಹ್‌ನ ಕುಟುಂಬಗಳು ಇಲ್ಲಿಗೆ ಬಂದು ತುಂಬಿಕೊಳ್ಳುತ್ತವೆ. ಮೌನವನ್ನು ಬಯಸಿ ಬರುವವರು ಸೋಮವಾರದಿಂದ ಗುರುವಾರದೊಳಗೆ ಇಲ್ಲಿರುವಂತೆ ಸೈಗಾನ್‌ನಿಂದ ಹೊರಡುವ ದಿನವನ್ನು ಲೆಕ್ಕ ಹಾಕಬೇಕು. ಮಳೆಗಾಲವು ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಇದ್ದು, ನವೆಂಬರ್‌ನಿಂದ ಮಾರ್ಚ್‌ವರೆಗಿನ ಕಾಲ ಪ್ರಯಾಣಕ್ಕೂ ಕಡಲಿಗೂ ಹಿತವಾದದ್ದು.

ಮರಳುವ ದಾರಿಗೆ ಕೆಪ್‌ನಿಂದ ನಾಮ್ ಪೆನ್ಹ್‌ಗೆ ವ್ಯಾನು ಮತ್ತು ಬಸ್ಸುಗಳಿವೆ. ದೂರ ಸುಮಾರು 170 ಕಿಲೋಮೀಟರ್, ಸಮಯ ಮೂರರಿಂದ ನಾಲ್ಕು ಗಂಟೆ. 2025ರ ಸೆಪ್ಟೆಂಬರ್‌ನಿಂದ ನಾಮ್ ಪೆನ್ಹ್‌ನ ವಿಮಾನಗಳು ನಗರದ ದಕ್ಷಿಣಕ್ಕಿರುವ ತೆಚೊ ಎಂಬ ಹೊಸ ನಿಲ್ದಾಣದಿಂದ ಹಾರುತ್ತಿವೆ. ವ್ಯಾನಿನವರಿಗೆ ವಿಮಾನ ನಿಲ್ದಾಣ ಎಂದಷ್ಟೇ ಹೇಳದೆ ಈ ಹೆಸರನ್ನು ಹೇಳಿರಿ, ಹಳೆಯ ನಿಲ್ದಾಣ ಬೇರೆಯೇ ದಿಕ್ಕಿನಲ್ಲಿದೆ. ಕೆಪ್‌ನಿಂದ ಮುಂದೆ ಭೂಮಾರ್ಗದಲ್ಲಿಯೇ ಥಾಯ್ಲೆಂಡಿಗೆ ಹೋಗುವ ಯೋಜನೆ ಇರುವವರು ಮಾತ್ರ ಎಚ್ಚರ ವಹಿಸಬೇಕು. 2025ರ ಸಂಘರ್ಷದಲ್ಲಿ ಆ ಎರಡು ದೇಶಗಳ ನಡುವಿನ ಗಡಿಠಾಣೆಗಳು ಮುಚ್ಚಲ್ಪಟ್ಟವು, ಆದ್ದರಿಂದ ಅಂದಿನ ಸ್ಥಿತಿಯನ್ನು ವಿಚಾರಿಸಿಕೊಳ್ಳದೆ ಆ ಕಡೆಯ ಟಿಕೆಟ್ ಕೊಳ್ಳಬಾರದು. ವಿಮಾನದ ಹಿಂದಿನ ದಿನವೇ ನಾಮ್ ಪೆನ್ಹ್ ತಲುಪಿರುವಂತೆ ವ್ಯಾನನ್ನು ಗೊತ್ತುಮಾಡಿರಿ. ಕೆಪ್‌ನಿಂದ ಹೊರಡುವ ವ್ಯಾನುಗಳು ವಸತಿಗೃಹಗಳ ಬಾಗಿಲಿಗೆಲ್ಲ ಸುತ್ತಿ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದರಿಂದ ಚೀಟಿಯಲ್ಲಿ ಬರೆದ ಸಮಯಕ್ಕೂ ಊರು ಬಿಡುವ ಸಮಯಕ್ಕೂ ಒಂದು ಗಂಟೆಯ ಅಂತರವಿರುತ್ತದೆ.